ಅರ್ಗ್ ಎಂದರೆ ಯಾವುದು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು 'ಅರ್ಗ್' ಅಥವಾ 'ಇಆರ್‌ಜಿ' ಎಂಬ ಪುಟ್ಟ ಹೆಸರಿನ ಸುತ್ತಲೇ ಇವೆ. ಶಾಲೆಯ ಪಾಠ, ಪ್ಲಾಸ್ಟಿಕ್ ಮುದ್ರಣ, ಖಗೋಳ ವಿಜ್ಞಾನ, ಕಣ್ಣಿನ ಪರೀಕ್ಷೆ, ಹೆದ್ದಾರಿಯ ಟ್ಯಾಂಕರ್ ಹೀಗೆ ಒಂದೊಂದು ಕಡೆಯಿಂದ ಒಂದೊಂದು ಪ್ರಶ್ನೆ. ಕೆಲವು ನಿಜವಾಗಿಯೂ ಶಕ್ತಿಯ ಮಾನಕ್ಕೆ ಸೇರಿದವು, ಉಳಿದವು ಹೆಸರಿನಲ್ಲಷ್ಟೇ ನೆಂಟರು. ಎಲ್ಲವನ್ನೂ ಒಟ್ಟಿಗೆ ಕೊಟ್ಟಿದ್ದೇವೆ. ಉತ್ತರಿಸಿದವರು ಆಯಾ ಕ್ಷೇತ್ರದಲ್ಲೇ ದುಡಿಯುವವರು.

ಪ್ರಶ್ನೆ: ಮಗಳು ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ 9ನೇ ತರಗತಿ. 'ಕೆಲಸ ಮತ್ತು ಶಕ್ತಿ' ಪಾಠದಲ್ಲಿ 1 ಜೌಲ್ ಎಂದರೆ 10⁷ ಅರ್ಗ್ ಎಂದಿದೆ. ಈ ಏಳನೇ ಘಾತ ಎಲ್ಲಿಂದ ಬಂತು? ಅವಳ ಲೆಕ್ಕ ಯಾವಾಗಲೂ ನೂರು ಪಟ್ಟು ಕಡಿಮೆ ಬರುತ್ತದೆ, ಏಕೆ? (ಗೃಹಿಣಿ, ವಡಾಲ)

ಉತ್ತರ: 10⁷ ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಕೋಟಿ. ಒಂದು ಜೌಲ್‌ಗೆ ಒಂದು ಕೋಟಿ ಅರ್ಗ್ ಎಂದು ಹೇಳಿಕೊಟ್ಟರೆ ಮಕ್ಕಳ ನೆನಪಿನಲ್ಲಿ ಬೇಗ ಕೂರುತ್ತದೆ. ಒಂದು ನ್ಯೂಟನ್ ಬಲದಿಂದ ವಸ್ತುವನ್ನು ಒಂದು ಮೀಟರ್ ಸರಿಸಿದರೆ ಆಗುವ ಕೆಲಸ ಒಂದು ಜೌಲ್. ಒಂದು ಡೈನ್ ಬಲದಿಂದ ಒಂದು ಸೆಂಟಿಮೀಟರ್ ಸರಿಸಿದರೆ ಒಂದು ಅರ್ಗ್. ಒಂದು ನ್ಯೂಟನ್‌ಗೆ ಒಂದು ಲಕ್ಷ ಡೈನ್, ಒಂದು ಮೀಟರಿಗೆ ನೂರು ಸೆಂಟಿಮೀಟರ್. ಲಕ್ಷವನ್ನು ನೂರರಿಂದ ಗುಣಿಸಿದರೆ ಕೋಟಿ. ಅಷ್ಟೇ.

ಈಗ ತಪ್ಪು ಎಲ್ಲಾಗುತ್ತದೆ ನೋಡೋಣ. 20 ಕಿಲೋ ಅಕ್ಕಿ ಚೀಲವನ್ನು 2 ಮೀಟರ್ ಎತ್ತಿದರೆ 20 × 9.8 × 2, ಅಂದರೆ 392 ಜೌಲ್. ಅರ್ಗ್‌ನಲ್ಲಿ 392 ಕೋಟಿ. ಇದನ್ನೇ ಮೊದಲಿನಿಂದ ಅರ್ಗ್‌ನಲ್ಲಿ ಮಾಡಿದರೆ 20,000 ಗ್ರಾಂ × 980 × 200. ಮಧ್ಯದ ಆ 980 ಗಮನಿಸಿ. ಮಕ್ಕಳು ಕಿಲೋವನ್ನು ಗ್ರಾಂ ಮಾಡುತ್ತಾರೆ, ಮೀಟರನ್ನು ಸೆಂಟಿಮೀಟರ್ ಮಾಡುತ್ತಾರೆ, ಗುರುತ್ವದ 9.8ನ್ನು ಮಾತ್ರ ಹಾಗೇ ಬಿಡುತ್ತಾರೆ. ಅದರೊಳಗೂ ಮೀಟರ್ ಇದೆ ಎಂಬುದು ಹೊಳೆಯುವುದಿಲ್ಲ. ಅಲ್ಲಿಗೆ ಉತ್ತರ ಸರಿಯಾಗಿ ನೂರು ಪಟ್ಟು ಕಡಿಮೆ. ಸುಲಭದ ದಾರಿ ಎಂದರೆ ಇಡೀ ಲೆಕ್ಕವನ್ನು ಜೌಲ್‌ನಲ್ಲಿ ಮುಗಿಸಿ ಕೊನೆಯಲ್ಲಿ ಒಂದೇ ಸಲ ಕೋಟಿಯಿಂದ ಗುಣಿಸುವುದು.

ಅರ್ಗ್ ಬಹಳ ಸಣ್ಣ ಮಾನ. ಒಂದು ಮಿಲಿಗ್ರಾಂ ವಸ್ತುವನ್ನು ಒಂದು ಸೆಂಟಿಮೀಟರ್ ಎತ್ತಲು ಹೆಚ್ಚುಕಡಿಮೆ ಒಂದು ಅರ್ಗ್ ಸಾಕು. ಮನೆಯ ವಿದ್ಯುತ್ ಬಿಲ್ಲಿನ ಒಂದು ಯೂನಿಟ್‌ನಲ್ಲಿ 36 ಲಕ್ಷ ಕೋಟಿ ಅರ್ಗ್ ಇದೆ. ಡೈನ್, ಅರ್ಗ್ ಎಂಬ ಹೆಸರುಗಳನ್ನು 1873ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ಸಮಿತಿಯೊಂದು ಶಿಫಾರಸು ಮಾಡಿತು. ಮ್ಯಾಕ್ಸ್‌ವೆಲ್ ಮತ್ತು ವಿಲಿಯಂ ಥಾಮ್ಸನ್ ಆ ಸಮಿತಿಯಲ್ಲಿದ್ದರು. ಇಂದು ಬಿಲ್ಲಿನಲ್ಲಾಗಲಿ ಪೊಟ್ಟಣದ ಮೇಲಾಗಲಿ ಅರ್ಗ್ ಕಾಣಸಿಗುವುದಿಲ್ಲ. ಆದರೆ 'ಪ್ರತಿ ಚದರ ಸೆಂಟಿಮೀಟರಿಗೆ', 'ಪ್ರತಿ ಗ್ರಾಂಗೆ', 'ಪ್ರತಿ ಸೆಕೆಂಡಿಗೆ' ಎಂಬ ಬಾಲ ಕಟ್ಟಿಕೊಂಡು ಹಲವು ಕಸುಬುಗಳಲ್ಲಿ ಇನ್ನೂ ಉಳಿದಿದೆ. ಎಲ್ಲೇ ಕಂಡರೂ ಮೊದಲು ಆ ಬಾಲವನ್ನು ಓದಬೇಕು. ಕೋಟಿಯ ಲೆಕ್ಕ ಬರಿಯ ಅರ್ಗ್‌ಗೆ ಮಾತ್ರ. ಬಾಲ ಸೇರಿದ ಕೂಡಲೇ ಪ್ರಮಾಣ ಬದಲಾಗುತ್ತದೆ.

ಪ್ರಶ್ನೆ: ನಮ್ಮ ಘಟಕದಲ್ಲಿ ಹಿಟ್ಟಿನ ಪೊಟ್ಟಣಕ್ಕೆ ಎಲ್‌ಡಿ ಪಾಲಿಥಿನ್ ಫಿಲ್ಮ್ ಮೇಲೆ ಮುದ್ರಣ ಆಗುತ್ತದೆ. ಸೆಲೋ ಟೇಪ್ ಅಂಟಿಸಿ ಎಳೆದರೆ ಇಂಕ್ ಕಿತ್ತು ಬರುತ್ತಿದೆ. ಫಿಲ್ಮ್ ಕೊಟ್ಟವರು '38 ಡೈನ್ ಇದೆ' ಎನ್ನುತ್ತಾರೆ. ಇನ್ನೊಂದು ಕಾಗದದಲ್ಲಿ '38 ಅರ್ಗ್', ಮತ್ತೊಂದರಲ್ಲಿ '38 ಮಿಲಿನ್ಯೂಟನ್' ಎಂದಿದೆ. ಮೂರೂ ಒಂದೆಯೇ? ತಪ್ಪು ಎಲ್ಲಿದೆ? (ಮುದ್ರಣ ಘಟಕದ ಮೇಲ್ವಿಚಾರಕರು, ವಸಯಿ)

ಉತ್ತರ: ಮೂರೂ ಒಂದೇ. ಅಳೆಯುವುದು ಫಿಲ್ಮಿನ ಮೇಲ್ಮೈ ಶಕ್ತಿಯನ್ನು, ಅಂದರೆ ದ್ರವವನ್ನು ತನ್ನ ಮೇಲೆ ಹರಡಿಸಿಕೊಳ್ಳುವ ಗುಣವನ್ನು. ಸೆಂಟಿಮೀಟರಿಗೆ 38 ಡೈನ್, ಚದರ ಸೆಂಟಿಮೀಟರಿಗೆ 38 ಅರ್ಗ್, ಮೀಟರಿಗೆ 38 ಮಿಲಿನ್ಯೂಟನ್, ಬೇಕಿದ್ದರೆ ಚದರ ಮೀಟರಿಗೆ 38 ಮಿಲಿಜೌಲ್; ಸಂಖ್ಯೆ ಬದಲಾಗುವುದಿಲ್ಲ. ಹಾಗಾಗಿ ಕಾಗದದಲ್ಲಿ ತಪ್ಪಿಲ್ಲ. ತಪ್ಪಿರುವುದು ಫಿಲ್ಮ್ ಮೇಲೆ, ಇಲ್ಲವೇ ಅಳೆದ ಸಮಯದಲ್ಲಿ.

ಟ್ರೀಟ್‌ಮೆಂಟ್ (ಇಂಕ್ ಹಿಡಿಯಲೆಂದು ಮೇಲ್ಮೈಗೆ ಕೊಡುವ ವಿದ್ಯುತ್ ಸಂಸ್ಕಾರ) ಆಗದ ಎಲ್‌ಡಿ ಫಿಲ್ಮಿನ ಮೇಲ್ಮೈ ಶಕ್ತಿ ಸುಮಾರು 31. ಪಾಲಿಪ್ರೊಪಿಲಿನ್‌ದು ಇನ್ನೂ ಕಡಿಮೆ, 29-30ರ ಆಸುಪಾಸು. ದ್ರವ ಹರಡಿ ಕೂರಬೇಕಾದರೆ ಅದರ ಮೇಲ್ಮೈ ಸೆಳೆತ ಫಿಲ್ಮಿನ ಶಕ್ತಿಗಿಂತ ಸಾಕಷ್ಟು ಕಡಿಮೆ ಇರಬೇಕು. 7ರಿಂದ 10ರ ಅಂತರ ಇರಲಿ ಎಂಬುದು ರೂಢಿಯ ಲೆಕ್ಕ. ಇಂಕಿನ ದ್ರಾವಕಗಳಲ್ಲಿ ಈಥೈಲ್ ಅಸಿಟೇಟ್‌ದು 24ರ ಸುಮಾರು, ಐಪಿಎ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲಿನದು 22ರ ಒಳಗೆ, ನೀರಿನದು 72. ಆದ್ದರಿಂದ ಸಾಲ್ವೆಂಟ್ ಇಂಕ್‌ಗೆ 38 ಸಾಕಾದರೂ ನೀರಿನ ಇಂಕ್‌ಗೆ 40-44 ಕೇಳುತ್ತಾರೆ. ಇತ್ತೀಚೆಗೆ ಇಂಕ್ ಬದಲಿಸಿದ್ದೀರಾ ಎಂದು ಮೊದಲು ನೋಡಿಕೊಳ್ಳಿ.

ಇನ್ನು ಅಳೆಯುವ ಕ್ರಮ. ರೋಲಿನ ಹೊರಸುತ್ತನ್ನು ಅಳೆಯಬೇಡಿ. ಕೆಲವು ಸುತ್ತು ಬಿಚ್ಚಿ ಎಸೆದು ಒಳಗಿನ ಫಿಲ್ಮ್ ತೆಗೆದುಕೊಳ್ಳಿ. ಅಳೆಯುವ ಜಾಗಕ್ಕೆ ಬೆರಳು ತಾಗಬಾರದು, ಬೆರಳಿನ ಎಣ್ಣೆ ಸಾಕು ಅಂಕಿ ಕೆಡಿಸಲು. 38ರ ಪರೀಕ್ಷಾ ದ್ರವವನ್ನು ಹತ್ತಿಯ ತುದಿಯಿಂದ ತೆಳ್ಳಗೆ, ಒಂದೇ ಎಳೆತದಲ್ಲಿ ಹಚ್ಚಿ. ಹಚ್ಚಿದ ಪಟ್ಟಿಯ ನಡುಭಾಗವನ್ನು ನೋಡಿ, ಅಂಚನ್ನಲ್ಲ. 2 ಸೆಕೆಂಡು ಹಾಗೇ ಹರಡಿ ನಿಂತರೆ ಫಿಲ್ಮ್ 38 ಅಥವಾ ಅದಕ್ಕೂ ಮೇಲೆ. ಅದಕ್ಕೆ ಮೊದಲೇ ಹನಿಹನಿಯಾಗಿ ಒಡೆದರೆ 38ಕ್ಕಿಂತ ಕಡಿಮೆ. ಆಗ 36ರದ್ದು ಹಚ್ಚಿ ನೋಡಿ. ಫಿಲ್ಮಿನ ಅಗಲದಲ್ಲಿ ಎರಡು ಬದಿ ಮತ್ತು ನಡುವೆ, ಹೀಗೆ ಮೂರು ಕಡೆ ಅಳೆಯಲೇಬೇಕು. ಒಮ್ಮೆ ಫಿಲ್ಮಿಗೆ ತಾಗಿದ ಹತ್ತಿಯನ್ನು ಮತ್ತೆ ಬಾಟಲಿಗೆ ಅದ್ದಬಾರದು. ಡೈನ್ ಪೆನ್ (ಪರೀಕ್ಷಾ ದ್ರವ ತುಂಬಿದ ಪೆನ್) ಬಳಸುವವರ ಮುಖ್ಯ ತೊಂದರೆಯೂ ಇದೇ: ಫಿಲ್ಮಿನ ಮೇಲಿನ ಸ್ಲಿಪ್ ಎಂಬ ಜಾರುವ ವಸ್ತು ಪೆನ್ನಿನ ತುದಿಗೆ ಅಂಟಿ ಮುಂದಿನ ಎಲ್ಲ ಅಳತೆಯನ್ನೂ ಕೆಡಿಸುತ್ತದೆ. ದ್ರವದಲ್ಲಿ ಫಾರ್ಮಮೈಡ್ ಇರುತ್ತದೆ, ಅದು ಗರ್ಭಕ್ಕೆ ಹಾನಿ ಮಾಡುವ ರಾಸಾಯನಿಕ. ಕೈಗವಸು ಹಾಕಿ, ಗಾಳಿ ಆಡುವ ಕಡೆ ಕೆಲಸ ಮಾಡಿಸಿ.

ಫಿಲ್ಮ್ ಕೊಟ್ಟವರು ಅಳೆದಾಗ 38 ಇದ್ದಿರಬಹುದು, ಸುಳ್ಳಲ್ಲ. ಕೊರೋನಾ ಎಂಬ ಈ ಟ್ರೀಟ್‌ಮೆಂಟ್ ದಿನ ಕಳೆದಂತೆ ಇಳಿಯುತ್ತದೆ. ಫಿಲ್ಮ್ ಸಲೀಸಾಗಿ ಜಾರಲಿ ಎಂದು ಬೆರೆಸುವ ಎರುಕಮೈಡ್ ಎಂಬ ಸ್ಲಿಪ್ ಮೆಲ್ಲಗೆ ಒಳಗಿನಿಂದ ಮೇಲ್ಮೈಗೆ ಬಂದು ಟ್ರೀಟ್‌ಮೆಂಟನ್ನು ಮುಚ್ಚಿಬಿಡುತ್ತದೆ. ಗೋದಾಮು ಬಿಸಿ ಇದ್ದಷ್ಟೂ ಇದು ಬೇಗ. ತಗಡಿನ ಚಾವಣಿಯ ಕೆಳಗೆ ಏಪ್ರಿಲ್, ಮೇ ತಿಂಗಳಲ್ಲಿ ಇಟ್ಟ ರೋಲನ್ನು ಹಳೆಯ ಚೀಟಿ ನಂಬಿ ಓಡಿಸಬಾರದು. ಮುದ್ರಣಕ್ಕೆ ಏರಿಸುವ ಗಳಿಗೆಯಲ್ಲಿ ನೀವೇ ಅಳೆಯಿರಿ. ಕಡಿಮೆ ಬಂದರೆ ಮುದ್ರಣ ಯಂತ್ರದಲ್ಲೇ ಇರುವ ಟ್ರೀಟರಿನಿಂದ ಮತ್ತೊಂದು ಹಗುರ ಸುತ್ತು ಕೊಡಿ. ಆದರೆ ಮೊದಲ ಸಲ ಟ್ರೀಟ್ ಆಗದೇ ಬಂದ, ಸ್ಲಿಪ್ ಹೆಚ್ಚಿರುವ ಹಳೆಯ ಫಿಲ್ಮನ್ನು ಆಮೇಲೆ ಟ್ರೀಟ್ ಮಾಡಿ ಎಬ್ಬಿಸುವುದು ಬಲು ಕಷ್ಟ. ಅದನ್ನು ಹಿಂದಿರುಗಿಸುವುದೇ ಮೇಲು.

38 ಸರಿಯಾಗಿಯೇ ಬಂದು ಇಂಕ್ ಆದರೂ ಕೀಳುತ್ತಿದ್ದರೆ ಎರಡು ಸಂಗತಿ ನೋಡಿ. ಒಂದು, ಅಳೆದ ಬದಿ ಮತ್ತು ಮುದ್ರಿಸಿದ ಬದಿ ಒಂದೇ ಇದೆಯೇ? ರೋಲ್ ತಿರುಗಿ ಏರಿರುವುದು ಅಪರೂಪವೇನಲ್ಲ. ಎರಡು, ಟ್ರೀಟ್‌ಮೆಂಟ್ ಅತಿಯಾಗಿದೆಯೇ? ಅತಿಯಾದಾಗ ಮೇಲ್ಮೈಯ ಪ್ಲಾಸ್ಟಿಕ್ ತುಂಡುತುಂಡಾಗಿ ಸಡಿಲ ಪದರವಾಗುತ್ತದೆ. ಡೈನ್ ದ್ರವ ಅದರ ಮೇಲೆ ಚೆನ್ನಾಗಿ ಹರಡುತ್ತದೆ, ಅಂಕಿ 44-46 ತೋರಿಸುತ್ತದೆ. ಇಂಕ್ ಮಾತ್ರ ಆ ಪದರದ ಸಮೇತ ಎದ್ದು ಬರುತ್ತದೆ. ಜೊತೆಗೆ ರೋಲಿನಲ್ಲಿ ಫಿಲ್ಮ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಪೊಟ್ಟಣದ ಸೀಲ್ ದುರ್ಬಲವಾಗುತ್ತದೆ. ಹೆಚ್ಚು ಅಂಕಿ ಒಳ್ಳೆಯದು ಎಂಬ ನಂಬಿಕೆ ಈ ಕಸುಬಿನಲ್ಲಿ ಬಹಳ ಮಾಲು ಕೆಡಿಸಿದೆ.

ಟ್ರೀಟರ್ ಎಷ್ಟು ಕೊಡುತ್ತಿದೆ ಎಂಬ ಲೆಕ್ಕ ಸುಲಭ: ವ್ಯಾಟ್ ÷ (ಮೀಟರಿನಲ್ಲಿ ಅಗಲ × ನಿಮಿಷಕ್ಕೆ ಓಡುವ ಮೀಟರ್). 3,000 ವ್ಯಾಟ್, 1 ಮೀಟರ್ ಅಗಲ, ನಿಮಿಷಕ್ಕೆ 100 ಮೀಟರ್ ಇದ್ದರೆ ಚದರ ಮೀಟರಿಗೆ 30 ವ್ಯಾಟ್-ನಿಮಿಷ. ಯಂತ್ರದ ವೇಗ ಅರ್ಧಕ್ಕೆ ಇಳಿಸಿ ವ್ಯಾಟ್ ಹಾಗೇ ಬಿಟ್ಟರೆ ಇದು 60 ಆಗುತ್ತದೆ. ಅತಿ ಟ್ರೀಟ್‌ಮೆಂಟ್ ಹೆಚ್ಚಾಗಿ ಆಗುವುದು ಹೀಗೆಯೇ. ಆ 30ನ್ನು ಅರ್ಗ್‌ಗೆ ತಂದರೆ ಚದರ ಸೆಂಟಿಮೀಟರಿಗೆ 18 ಲಕ್ಷ. ಫಿಲ್ಮಿನ ಅಂಕಿ ಏರುವುದು 31ರಿಂದ 38ಕ್ಕೆ, ಬರೀ 7 ಅರ್ಗ್. ಉಳಿದದ್ದೆಲ್ಲ ಬಿಸಿ, ಬೆಳಕು, ಓಝೋನ್ ಆಗಿ ಹೋಗುತ್ತದೆ. ಓಝೋನ್ ಎಳೆಯುವ ಫ್ಯಾನ್ ನಿಂತಿದ್ದರೆ ಯಂತ್ರವನ್ನೂ ನಿಲ್ಲಿಸಿ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು.

ಪ್ರಶ್ನೆ: ಪುಣೆಯಲ್ಲಿ ಖಗೋಳ ವಿಜ್ಞಾನದ ಸಾರ್ವಜನಿಕ ಉಪನ್ಯಾಸ ಕೇಳಿದೆ. ತೆರೆಯ ಮೇಲೆ '10⁵¹ ಅರ್ಗ್' ಎಂದಿತ್ತು. ಇಷ್ಟು ದೊಡ್ಡ ನಕ್ಷತ್ರಕ್ಕೆ ಅಷ್ಟು ಸಣ್ಣ ಮಾನ ಯಾಕೆ? (ನಿವೃತ್ತ ಶಿಕ್ಷಕರು, ಕೋಥ್ರೂಡ್)

ಉತ್ತರ: ರೂಢಿಯೇ ಕಾರಣ. ಖಗೋಳ ಭೌತಶಾಸ್ತ್ರದ ಅಡಿಪಾಯದ ಬರಹಗಳೆಲ್ಲ ಸೆಂಟಿಮೀಟರ್-ಗ್ರಾಂ-ಸೆಕೆಂಡ್ ಪದ್ಧತಿಯಲ್ಲಿವೆ. ಹಳೆಯ ಅಂಕಿಯ ಜೊತೆ ಹೊಸದನ್ನು ಹೋಲಿಸುವುದೇ ಈ ವಿಜ್ಞಾನದ ದಿನನಿತ್ಯದ ಕೆಲಸವಾದ್ದರಿಂದ ಮಾನ ಬದಲಿಸಿದರೆ ತಪ್ಪಿಗೆ ದಾರಿ. ಘಾತದಲ್ಲಿ ಬರೆಯುವವರಿಗೆ 51 ಇದ್ದರೇನು, 44 ಇದ್ದರೇನು.

ಆ 10⁵¹ ಅರ್ಗ್ ಎಂಬುದು ನಕ್ಷತ್ರ ಸೂಪರ್‌ನೋವಾ ಆಗಿ ಸಿಡಿದಾಗ ಹೊರಚಿಮ್ಮುವ ದ್ರವ್ಯದ ಚಲನಶಕ್ತಿ. ಸೂರ್ಯ ಸೆಕೆಂಡಿಗೆ 3.8 × 10³³ ಅರ್ಗ್ ಸೂಸುತ್ತಾನೆ. ಇದೇ ದರದಲ್ಲಿ 1,000 ಕೋಟಿ ವರ್ಷ ಉರಿದರೆ ಆಗುವ ಮೊತ್ತವೂ ಸರಿಸುಮಾರು 10⁵¹ ಅರ್ಗ್. ಸೂರ್ಯನ ಇಡೀ ಆಯುಷ್ಯದ ಬೆಳಕಿನಷ್ಟು ಒಂದೇ ಸ್ಫೋಟದಲ್ಲಿ! ಅಚ್ಚರಿ ಇಲ್ಲಿಗೇ ಮುಗಿಯುವುದಿಲ್ಲ. ಭಾರಿ ನಕ್ಷತ್ರದ ತಿರುಳು ಕುಸಿದಾಗ ಬಿಡುಗಡೆಯಾಗುವ ಒಟ್ಟು ಶಕ್ತಿ 10⁵³ ಅರ್ಗ್‌ನ ಆಸುಪಾಸು, ಅದರಲ್ಲಿ ಶೇ. 99ರಷ್ಟನ್ನು ನ್ಯೂಟ್ರಿನೊಗಳು ಹೊತ್ತೊಯ್ಯುತ್ತವೆ. ಕಣ್ಣಿಗೆ ಕಾಣುವ ಬೆಳಕಿನ ಪಾಲು 10⁴⁹ರ ಸುಮಾರು ಮಾತ್ರ. 10⁵¹ ಅರ್ಗ್‌ಗೆ ಈ ವಲಯದವರು 'ಫೋ' ಎಂದೂ 'ಬೇಥೆ' ಎಂದೂ ಹೆಸರಿಟ್ಟುಕೊಂಡಿದ್ದಾರೆ. ಎರಡನೆಯದು ಭೌತವಿಜ್ಞಾನಿ ಹಾನ್ಸ್ ಬೇಥೆ ಅವರ ಗೌರವಾರ್ಥ.

ಎಕ್ಸ್-ಕಿರಣ ಖಗೋಳದವರು ಆಕಾಶಕಾಯದಿಂದ ನಮಗೆ ಬಂದು ತಲುಪುವುದನ್ನು 'ಸೆಕೆಂಡಿಗೆ, ಚದರ ಸೆಂಟಿಮೀಟರಿಗೆ ಇಷ್ಟು ಅರ್ಗ್' ಎಂದು ಬರೆಯುತ್ತಾರೆ. 2015ರಲ್ಲಿ ಹಾರಿದ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಮಾಹಿತಿ ಓದುವಾಗಲೂ ಇದು ಎದುರಾಗುತ್ತದೆ. ಇಲ್ಲಿ ಕೋಟಿಯಿಂದ ಭಾಗಿಸಿ ನಿಲ್ಲಿಸಿದರೆ ತಪ್ಪು, ಚದರ ಸೆಂಟಿಮೀಟರನ್ನೂ ಚದರ ಮೀಟರಿಗೆ ತರಬೇಕು. ಆಗ ಒಂದು ಅರ್ಗ್ ಸರಿಯಾಗಿ ಚದರ ಮೀಟರಿಗೆ ಒಂದು ಮಿಲಿವ್ಯಾಟ್ ಆಗುತ್ತದೆ. ನಾರಾಯಣಗಾಂವ್ ಹತ್ತಿರ ಖೋಡದ್‌ನಲ್ಲಿ 45 ಮೀಟರ್ ವ್ಯಾಸದ 30 ತಟ್ಟೆಗಳಿರುವ ರೇಡಿಯೊ ದೂರದರ್ಶಕ ಇದೆಯಲ್ಲ, ಅಲ್ಲಿ ಬಳಸುವ ಮಾನ ಜಾನ್ಸ್ಕಿ. ಅದರಲ್ಲಿ ಪ್ರತಿ ಹರ್ಟ್ಸ್ ಎಂಬ ಇನ್ನೊಂದು ಬಾಲವೂ ಸೇರಿರುವುದರಿಂದ ಎರಡನ್ನೂ ನೇರವಾಗಿ ಹೋಲಿಸಲಾಗದು.

ಪ್ರಶ್ನೆ: ತಂದೆಯವರಿಗೆ ಬಹಳ ವರ್ಷಗಳ ಹಿಂದೆ ರೇಡಿಯೇಷನ್ ಕೊಟ್ಟಿದ್ದರು. ಹಳೆಯ ಕಡತದಲ್ಲಿ '5,000 ರ್‍ಯಾಡ್, 25 ಸಲ' ಎಂದಿದೆ. ಈಗಿನ ವೈದ್ಯರು 'ಗ್ರೇ' ಎನ್ನುತ್ತಾರೆ. (ಓದುಗರು, ಡೊಂಬಿವಲಿ)

ಉತ್ತರ: ರ್‍ಯಾಡ್‌ನ ಬೇರು ಅರ್ಗ್‌ನಲ್ಲೇ ಇದೆ. ಒಂದು ಗ್ರಾಂ ಅಂಗಾಂಶ 100 ಅರ್ಗ್ ಹೀರಿಕೊಂಡರೆ ಒಂದು ರ್‍ಯಾಡ್. 1953ರಲ್ಲಿ ಹೀಗೆ ಗೊತ್ತುಮಾಡಿದರು. 1975ರಲ್ಲಿ ಗ್ರೇ ಬಂತು. ಕಿಲೋಗೆ ಒಂದು ಜೌಲ್ ಎಂದರೆ ಒಂದು ಗ್ರೇ. 100 ರ್‍ಯಾಡ್‌ಗೆ ಒಂದು ಗ್ರೇ. ನಿಮ್ಮ ತಂದೆಯವರಿಗೆ ಕೊಟ್ಟದ್ದು 50 ಗ್ರೇ, ಸಲಕ್ಕೆ 2 ಗ್ರೇಯಂತೆ. ಕೆಲವು ಕಡತಗಳಲ್ಲಿ 'ಸೆಂಟಿಗ್ರೇ' ಎಂದಿರುತ್ತದೆ, ಅದು ರ್‍ಯಾಡ್‌ಗೆ ಸರಿಸಮ. 5,000 ಸೆಂಟಿಗ್ರೇಯನ್ನು 5,000 ಗ್ರೇ ಎಂದು ಓದಿಬಿಡಬೇಡಿ.

ಶಕ್ತಿಯ ಲೆಕ್ಕದಲ್ಲಿ 50 ಗ್ರೇ ಏನೂ ಅಲ್ಲ, ನೀರನ್ನು ಒಂದು ಡಿಗ್ರಿಯ ನೂರನೇ ಒಂದು ಪಾಲಿನಷ್ಟು ಬಿಸಿ ಮಾಡೀತು. ಆದರೆ ಅದು ಜೀವಕೋಶದ ಡಿಎನ್‌ಎ ಎಳೆಗಳನ್ನೇ ಕತ್ತರಿಸುವುದರಿಂದ ಪರಿಣಾಮ ಅಷ್ಟು ದೊಡ್ಡದು. ಅದೇ ಜಾಗಕ್ಕೆ ಮತ್ತೆ ಚಿಕಿತ್ಸೆ ಬೇಕಾದರೆ ವೈದ್ಯರು ಕೇಳುವುದು ಮೂರು ಮಾತು: ಒಟ್ಟು ಎಷ್ಟು, ಎಷ್ಟು ಸಲದಲ್ಲಿ, ದೇಹದ ಯಾವ ಭಾಗಕ್ಕೆ. ಆದ್ದರಿಂದ ಕಡತವನ್ನು ಇಡಿಯಾಗಿ ಒಯ್ಯಿರಿ. ನೀವು ಬೇರೆ ಕಾಗದದಲ್ಲಿ ಬರೆದುಕೊಳ್ಳುವುದಾದರೆ ಮೂಲದ ಅಂಕಿಯನ್ನು ಅದರ ಮಾನದ ಸಮೇತ ಬರೆಯಿರಿ, ಪಕ್ಕದಲ್ಲಿ ಗ್ರೇ ಬರೆಯಿರಿ. ಬರೀ ಅಂಕಿ ಬರೆದ ಚೀಟಿ ಅಪಾಯ.

ಪ್ರಶ್ನೆ: ಜಿಮ್‌ನಲ್ಲಿ ದೋಣಿ ಹುಟ್ಟು ಹಾಕುವಂಥ ಯಂತ್ರಕ್ಕೆ 'ಅರ್ಗ್' ಎನ್ನುತ್ತಾರೆ. ಅದು ತೋರಿಸುವ ಕ್ಯಾಲೊರಿ ನಂಬಬಹುದೇ? ಪಕ್ಕದ ಸನ್ನೆಯನ್ನು 10ಕ್ಕೆ ಇಟ್ಟರೆ ಹೆಚ್ಚು ಕರಗುತ್ತದಂತೆ, ನಿಜವೇ? (ಸಾಫ್ಟ್‌ವೇರ್ ಉದ್ಯೋಗಿ, ಹಿಂಜವಡಿ)

ಉತ್ತರ: ಅದು ಅರ್ಗೋಮೀಟರ್, ದುಡಿಮೆ ಅಳೆಯುವ ಯಂತ್ರ. ನಿಮ್ಮ ಹತ್ತಿರದ ದಾಪೋಡಿಯಲ್ಲಿ ಸೇನೆಯ ರೋಯಿಂಗ್ ಪಟುಗಳು ತರಬೇತಿ ಪಡೆಯುತ್ತಾರೆ. ಈ ಆಟದವರೆಲ್ಲ ಯಂತ್ರವನ್ನು ಅರ್ಗ್ ಎಂದೇ ಕರೆಯುವುದು. ಆದರೆ ಅದರ ತೆರೆಯಲ್ಲಿ ಅರ್ಗ್ ಬಿಟ್ಟು ಉಳಿದೆಲ್ಲ ಇರುತ್ತದೆ: 500 ಮೀಟರಿಗೆ ಹಿಡಿದ ಸಮಯ, ವ್ಯಾಟ್, ಕ್ಯಾಲೊರಿ.

ಇವುಗಳಲ್ಲಿ ನಂಬತಕ್ಕದ್ದು ವ್ಯಾಟ್. ಹೆಚ್ಚಿನ ಜಿಮ್‌ಗಳಲ್ಲಿರುವ ಕಾನ್ಸೆಪ್ಟ್2 ಯಂತ್ರದ ಸೂತ್ರ ಹೀಗೆ: ಒಂದು ಮೀಟರಿಗೆ ಹಿಡಿದ ಸೆಕೆಂಡಿನ ಘನ ತೆಗೆದು (ಅದೇ ಸಂಖ್ಯೆಯನ್ನು ಮೂರು ಸಲ ಬರೆದು ಗುಣಿಸಿ), 2.80ನ್ನು ಅದರಿಂದ ಭಾಗಿಸುವುದು. 500 ಮೀಟರಿಗೆ 2 ನಿಮಿಷವಾದರೆ ಮೀಟರಿಗೆ 0.24 ಸೆಕೆಂಡು, ಅಂದರೆ ಸುಮಾರು 203 ವ್ಯಾಟ್. ಎರಡೂವರೆ ನಿಮಿಷವಾದರೆ 104 ವ್ಯಾಟ್ ಅಷ್ಟೇ. ಅರ್ಧ ನಿಮಿಷ ಇಳಿಸಲು ಶ್ರಮ ಹೆಚ್ಚುಕಡಿಮೆ ಇಮ್ಮಡಿ ಬೇಕೆಂದಾಯಿತು. ಹೊಸಬರು ಮೊದಲ ನಿಮಿಷದಲ್ಲೇ ಜೋರಾಗಿ ಎಳೆದು ಸುಸ್ತಾಗುವುದು ಇದನ್ನು ಅರಿಯದೆ.

ಕ್ಯಾಲೊರಿ ಅಂದಾಜಿನದು. ದೇಹ ಉರಿಸಿದ್ದರಲ್ಲಿ ಕಾಲು ಭಾಗ ಮಾತ್ರ ಯಂತ್ರದ ಸರಪಳಿಗೆ ತಲುಪುತ್ತದೆ ಎಂದು ಹಿಡಿದು ವ್ಯಾಟನ್ನು ನಾಲ್ಕು ಪಟ್ಟು ಮಾಡಿ, 0.8604ರಿಂದ ಗುಣಿಸಿ, ಗಂಟೆಗೆ 300 ಕೂಡಿಸುತ್ತದೆ. 203 ವ್ಯಾಟ್‌ಗೆ ಗಂಟೆಗೆ 1,000ದ ಹತ್ತಿರ ಬರುತ್ತದೆ. ಆ 300 ಸುಮಾರು 79 ಕಿಲೋ ತೂಕದವರಿಗೆ ಹೊಂದುವಂಥದು. ನೀವು 60 ಕಿಲೋ ಇದ್ದರೆ 300ರ ಜಾಗದಲ್ಲಿ 227 ಹಾಕಿ. ಗಂಟೆಗೆ 73ರಷ್ಟು ಕಡಿಮೆ. ಈ ಕ್ಯಾಲೊರಿ ಎಂದರೆ ಬಿಸ್ಕತ್ತು ಪೊಟ್ಟಣದ ಮೇಲಿನ ಕಿಲೋಕ್ಯಾಲೊರಿ.

ಪಕ್ಕದ ಸನ್ನೆ ಗಾಳಿಚಕ್ರಕ್ಕೆ ಎಷ್ಟು ಗಾಳಿ ಹೋಗಬೇಕೆಂದು ನಿರ್ಧರಿಸುತ್ತದೆ, ಅಷ್ಟೇ. 10ಕ್ಕೆ ಇಟ್ಟರೆ ಎಳೆತ ಭಾರವಾಗುತ್ತದೆ, ಬೆನ್ನಿಗೆ ಹೊರೆ ಬೀಳುತ್ತದೆ, ಅಂಕಿ ತಾನಾಗಿ ಏರುವುದಿಲ್ಲ. ತೆರೆಯಲ್ಲಿ 'ಡ್ರ್ಯಾಗ್ ಫ್ಯಾಕ್ಟರ್' (ಗಾಳಿಚಕ್ರದ ತಡೆಯ ಅಂಕಿ) ತೆರೆದು 100-130ರ ನಡುವೆ ಬರುವಂತೆ ಸನ್ನೆ ಇಡಿ. ಧೂಳು ತುಂಬಿದ ಯಂತ್ರದಲ್ಲಿ 5ಕ್ಕೆ ಇಟ್ಟರೂ ಇದು ಕಡಿಮೆ ತೋರಿಸೀತು, ಜಾಲರಿ ಸ್ವಚ್ಛ ಮಾಡಿಸಿ. ಸರಪಳಿಗೆ 50 ಗಂಟೆ ಬಳಕೆಗೊಮ್ಮೆ ಎಣ್ಣೆ ಹಾಕಬೇಕು.

ಪ್ರಶ್ನೆ: ಮಗನಿಗೆ ಸಂಜೆಯಾದರೆ ಕಣ್ಣು ಕಾಣುವುದಿಲ್ಲ. ಡಾಕ್ಟರು ಇಆರ್‌ಜಿ ಬರೆದುಕೊಟ್ಟಿದ್ದಾರೆ. ನೋವಾಗುತ್ತದೆಯೇ? ಏನು ಸಿದ್ಧತೆ ಬೇಕು? (ಓದುಗರು, ಝುವಾರಿನಗರ, ಗೋವಾ)

ಉತ್ತರ: ಹೆದರಬೇಡಿ, ನೋವಿಲ್ಲ. ಇದಕ್ಕೂ ಶಕ್ತಿಯ ಅರ್ಗ್‌ಗೂ ಸಂಬಂಧವಿಲ್ಲ, ಪೂರ್ಣ ಹೆಸರು ಎಲೆಕ್ಟ್ರೊರೆಟಿನೊಗ್ರಾಂ. ಹೃದಯಕ್ಕೆ ಇಸಿಜಿ ಇರುವಂತೆ ಕಣ್ಣಿನ ಅಕ್ಷಿಪಟಕ್ಕೆ ಇದು. ಬೆಳಕು ಮಿನುಗಿಸಿದಾಗ ಅಕ್ಷಿಪಟ ಹುಟ್ಟಿಸುವ ಅತಿ ಸಣ್ಣ ವಿದ್ಯುತ್ತನ್ನು ಮೈಕ್ರೊವೋಲ್ಟ್‌ನಲ್ಲಿ ಅಳೆಯುತ್ತಾರೆ.

ಮೊದಲು ಔಷಧದ ಹನಿ ಹಾಕಿ ಕಣ್ಣಿನ ಪಾಪೆ ಹಿಗ್ಗಿಸುತ್ತಾರೆ. ಬಳಿಕ 20 ನಿಮಿಷ ಕಗ್ಗತ್ತಲಿನಲ್ಲಿ ಕೂರಿಸುತ್ತಾರೆ. ಸಂಜೆಗತ್ತಲಿನಲ್ಲಿ ನೋಡುವ ರಾಡ್ ಕೋಶಗಳು ಎಚ್ಚರಗೊಳ್ಳಲು ಅಷ್ಟು ಹೊತ್ತು ಬೇಕೇ ಬೇಕು. ಈ ಅವಧಿಯಲ್ಲಿ ಮೊಬೈಲ್ ತೆರೆದರೆ ಮತ್ತೆ ಮೊದಲಿನಿಂದ ಶುರು; ಜೊತೆಗೆ ಕುಳಿತವರೂ ಮೊಬೈಲ್ ತೆಗೆಯಬಾರದು. ಆಮೇಲೆ ಕಣ್ಣಿನ ಮೇಲೆ ಕಾಂಟ್ಯಾಕ್ಟ್ ಲೆನ್ಸಿನಂಥ ಬಿಲ್ಲೆ ಅಥವಾ ಕೆಳರೆಪ್ಪೆಯೊಳಗೆ ತೆಳುವಾದ ಎಳೆ ಇಟ್ಟು, ಮಂದ ಮಿನುಗಿನಿಂದ ತೊಡಗಿ ಪ್ರಖರ ಮಿನುಗಿನವರೆಗೆ ದಾಖಲಿಸುತ್ತಾರೆ. ಕೊನೆಗೆ 10 ನಿಮಿಷ ಬೆಳಕಿನಲ್ಲಿ ಕೂರಿಸಿ, ಸೆಕೆಂಡಿಗೆ 30 ಸಲ ಮಿನುಗುವ ಬೆಳಕಿನಿಂದ ಹಗಲಿನ ಕೋನ್ ಕೋಶಗಳನ್ನು ಪರೀಕ್ಷಿಸುತ್ತಾರೆ. ಎಲ್ಲ ಸೇರಿ ಒಂದು ಗಂಟೆ ಹಿಡಿದೀತು.

ಅದೇ ದಿನ ಕಣ್ಣಿನ ಫೋಟೊ ತೆಗೆಯುವುದಿದ್ದರೆ ಇಆರ್‌ಜಿ ಮುಗಿದ ಮೇಲೆ ತೆಗೆಯಲು ಹೇಳಿ. ಮರಗಟ್ಟಿಸುವ ಹನಿ ಹಾಕಿದ್ದರೆ ಅದರ ಪ್ರಭಾವ ಇಳಿಯುವ ತನಕ ಮಗ ಕಣ್ಣು ಉಜ್ಜದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಗೊತ್ತಿಲ್ಲದೆ ಗೀರಿಕೊಳ್ಳುತ್ತಾನೆ. ಕೆಲವು ಗಂಟೆ ಬಿಸಿಲು ಚುಚ್ಚುತ್ತದೆ, ಕಪ್ಪು ಕನ್ನಡಕ ಒಯ್ಯಿರಿ. ವರದಿಯಲ್ಲಿ ಅಲೆಯ ಎತ್ತರ ಮತ್ತು ಅದಕ್ಕೆ ಹಿಡಿದ ಮಿಲಿಸೆಕೆಂಡು, ಎರಡೂ ಇರುತ್ತವೆ. ರಾಡ್ ಭಾಗದ ಅಲೆ ಮಾತ್ರ ಕುಗ್ಗಿದೆಯೇ, ಎರಡೂ ಕುಗ್ಗಿವೆಯೇ ಎಂಬುದರ ಮೇಲೆ ವೈದ್ಯರ ಮುಂದಿನ ಹೆಜ್ಜೆ. ಇದು ಇಡೀ ಅಕ್ಷಿಪಟದ ಒಟ್ಟು ಉತ್ತರ; ನಟ್ಟನಡುವಿನ ಸಣ್ಣ ದೋಷ ಇದರಲ್ಲಿ ಕಾಣದಿರಬಹುದು, ಅದಕ್ಕೆ ಮಲ್ಟಿಫೋಕಲ್ ಇಆರ್‌ಜಿ ಎಂಬ ಬೇರೆ ಪರೀಕ್ಷೆ ಇದೆ.

ಪ್ರಶ್ನೆ: ಪ್ರಾಸ್ಟೇಟ್ ಬಯಾಪ್ಸಿ ವರದಿಯಲ್ಲಿ 'ಇಆರ್‌ಜಿ ಪಾಸಿಟಿವ್' ಎಂದಿದೆ. (ಓದುಗರು, ಘಾಟ್‌ಕೋಪರ್)

ಉತ್ತರ: ಅದು ಒಂದು ಜೀನ್‌ನ ಹೆಸರು. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಈ ಜೀನ್ ಇನ್ನೊಂದರ ಜೊತೆ ಬೆಸೆದುಕೊಳ್ಳುತ್ತದೆ ಎಂಬುದು 2005ರಲ್ಲಿ ತಿಳಿದುಬಂತು. ಪಾಶ್ಚಾತ್ಯ ದೇಶಗಳ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ, ಏಷ್ಯಾದವರಲ್ಲಿ ಅದಕ್ಕಿಂತ ಕಡಿಮೆ ಮಂದಿಯಲ್ಲಿ ಕಾಣುತ್ತದೆ. ರಕ್ತನಾಳದ ಒಳಪದರ ಸಹಜವಾಗಿಯೇ ಇದಕ್ಕೆ ಬಣ್ಣ ಹಿಡಿಯುತ್ತದೆ. ಗೆಡ್ಡೆ ಪ್ರಾಸ್ಟೇಟಿನದೇ ಎಂದು ಗುರುತಿಸಲು ಇದು ನೆರವಾಗುತ್ತದೆ. ಚಿಕಿತ್ಸೆ ಏನಿರಬೇಕೆಂಬುದು ಮುಖ್ಯವಾಗಿ ಗ್ಲೀಸನ್ ಅಂಕ (ಗೆಡ್ಡೆ ಎಷ್ಟು ಉಗ್ರ ಎಂಬುದರ ಅಂಕ), ಪಿಎಸ್‌ಎ (ರಕ್ತಪರೀಕ್ಷೆಯ ಅಂಕಿ) ಮತ್ತು ರೋಗ ಎಷ್ಟು ಹರಡಿದೆ ಎಂಬುದರ ಮೇಲೆ. ಆ ಮೂರನ್ನು ನಿಮ್ಮ ವೈದ್ಯರಲ್ಲಿ ಕೇಳಿ.

ಪ್ರಶ್ನೆ: ರಸಪ್ರಶ್ನೆಯಲ್ಲಿ 'ಅಲ್ಜೀರಿಯಾದ ಗ್ರ್ಯಾಂಡ್ ಅರ್ಗ್' ಎಂದು ಬಂತು. ಮ್ಯಾನೇಜ್‌ಮೆಂಟ್ ಪಠ್ಯದಲ್ಲೂ ಇಆರ್‌ಜಿ ಇದೆ. (ವಿದ್ಯಾರ್ಥಿಗಳು, ಪಿಂಪ್ರಿ ಮತ್ತು ಮಡಗಾಂವ್)

ಉತ್ತರ: ಮೊದಲನೆಯದು ಅರಬ್ಬಿ ಮೂಲದ್ದು, ಗಾಳಿ ಗುಡ್ಡೆ ಹಾಕಿದ ಮರಳಿನ ಸಾಗರ. ಸಾಮಾನ್ಯವಾಗಿ 125 ಚದರ ಕಿಲೋಮೀಟರಿಗಿಂತ ದೊಡ್ಡದಿದ್ದರೆ ಅರ್ಗ್ ಎನ್ನುತ್ತಾರೆ. ಕಲ್ಲುಹರಳಿನ ಮರುಭೂಮಿ 'ರೆಗ್', ಬಂಡೆಯದು 'ಹಮಾದಾ'. ಮಂಗಳ ಗ್ರಹದಲ್ಲೂ ಶನಿಯ ಚಂದ್ರ ಟೈಟಾನ್‌ನಲ್ಲೂ ಅರ್ಗ್‌ಗಳಿವೆ. ಎರಡನೆಯದು ಕ್ಲೇಟನ್ ಆಲ್ಡರ್ಫರ್ 1969ರಲ್ಲಿ ಮಂಡಿಸಿದ ಸಿದ್ಧಾಂತ; ಅಸ್ತಿತ್ವ, ಸಂಬಂಧ, ಬೆಳವಣಿಗೆ ಎಂಬ ಮೂರು ಅಗತ್ಯಗಳ ಇಂಗ್ಲಿಷ್ ಮೊದಲಕ್ಷರಗಳು. ಮೇಲಿನ ಅಗತ್ಯ ಈಡೇರದಾಗ ಮನುಷ್ಯ ಕೆಳಗಿನದಕ್ಕೆ ಮರಳುತ್ತಾನೆ ಎಂಬ ಅಂಶವನ್ನು ಪರೀಕ್ಷೆಯಲ್ಲಿ ಬಿಡಬೇಡಿ.

ಪ್ರಶ್ನೆ: ಮುಂಬಯಿ-ಪುಣೆ ಹೆದ್ದಾರಿಯಲ್ಲಿ ಗ್ಯಾಸ್ ಮತ್ತು ಪೆಟ್ರೋಲ್ ಟ್ಯಾಂಕರ್ ಓಡಿಸುವ ನಮ್ಮ ಹುಡುಗರಿಗೆ ಇಆರ್‌ಜಿ ಪುಸ್ತಕ ಕೊಡಿ ಎಂದು ಸುರಕ್ಷತಾ ಅಧಿಕಾರಿ ಹೇಳಿದ್ದಾರೆ. ಅದನ್ನು ಓದುವುದು ಹೇಗೆ? (ಸಾರಿಗೆ ಕಚೇರಿಯ ಗುಮಾಸ್ತರು, ಕಳಂಬೋಲಿ)

ಉತ್ತರ: ಅದು 'ಎಮರ್ಜೆನ್ಸಿ ರೆಸ್ಪಾನ್ಸ್ ಗೈಡ್‌ಬುಕ್'. ಅಮೆರಿಕ, ಕೆನಡಾ, ಮೆಕ್ಸಿಕೊ ದೇಶಗಳು ಸೇರಿ ತರುವ ಕೈಪಿಡಿ. 2024ರ ಆವೃತ್ತಿ ಇಟ್ಟುಕೊಳ್ಳಿ, ಮೊಬೈಲಿನಲ್ಲೂ ಉಚಿತವಾಗಿ ಸಿಗುತ್ತದೆ. ಅಪಘಾತದ ಮೊದಲ ಕೆಲವು ನಿಮಿಷಗಳಿಗೆಂದೇ ಮಾಡಿದ್ದು.

ಟ್ಯಾಂಕರಿನ ಫಲಕದಲ್ಲಿ ಸರಕು ಯಾವುದೆಂದು ಗುರುತಿಸುವ ನಾಲ್ಕಂಕಿಯ ಯುಎನ್ ಸಂಖ್ಯೆ ಇರುತ್ತದೆ. ಎಲ್‌ಪಿಜಿಗೆ 1075, ಪೆಟ್ರೋಲಿಗೆ 1203. ಪುಸ್ತಕದ ಹಳದಿ ಪುಟಗಳಲ್ಲಿ ಈ ಸಂಖ್ಯೆ ಹುಡುಕಿದರೆ ಎದುರಿಗೆ ಮಾರ್ಗದರ್ಶಿಯ ಸಂಖ್ಯೆ ಸಿಗುತ್ತದೆ: 1075ಕ್ಕೆ 115, 1203ಕ್ಕೆ 128. ಆ ಸಂಖ್ಯೆಯ ಕಿತ್ತಳೆ ಪುಟ ತೆರೆದರೆ ಏನು ಮಾಡಬೇಕೆಂದಿದೆ. ಸಂಖ್ಯೆ ಅಳಿಸಿ ಹೆಸರು ಮಾತ್ರ ಗೊತ್ತಿದ್ದರೆ ನೀಲಿ ಪುಟ. ಹಳದಿ ಅಥವಾ ನೀಲಿ ಪುಟದಲ್ಲಿ ಸಾಲಿಗೆ ಹಸಿರು ಬಣ್ಣ ಬಳಿದಿದ್ದರೆ ಅದು ಉಸಿರಿನಿಂದಲೇ ಕೊಲ್ಲುವ ವಿಷ. ಎಷ್ಟು ದೂರ ಜನರನ್ನು ತೆರವು ಮಾಡಬೇಕೆಂದು ಹಸಿರು ಪುಟದಲ್ಲಿ ನೋಡಬೇಕು.

ನಮ್ಮ ಫಲಕದಲ್ಲಿ ಇನ್ನೊಂದು ಸಂಕೇತ ಇರುತ್ತದೆ, '2ವೈಇ', '3ವೈಇ' ಎಂದು. ಅದು ಹ್ಯಾಜ್‌ಕೆಮ್ ಎಂಬ ಬೇರೆಯೇ ಪದ್ಧತಿ, ಇಆರ್‌ಜಿ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಹುಡುಗರು ಇಲ್ಲೇ ಗೊಂದಲ ಮಾಡಿಕೊಳ್ಳುತ್ತಾರೆ. 2 ಎಂದರೆ ನೀರನ್ನು ಮಂಜಿನಂತೆ ಸಿಂಪಡಿಸಿ, 3 ಎಂದರೆ ನೊರೆ ಬಳಸಿ. ವೈ ಎಂದರೆ ಉಸಿರಾಟದ ಉಪಕರಣ ಬೇಕು, ಚೆಲ್ಲಿದ್ದು ಚರಂಡಿಗೆ ಹರಿಯದಂತೆ ತಡೆಯಬೇಕು, ಸಿಡಿಯುವ ಭಯವೂ ಇದೆ. ಕೊನೆಯ ಇ ಎಂದರೆ ಜನರನ್ನು ತೆರವು ಮಾಡುವ ಬಗ್ಗೆ ಯೋಚಿಸಿ. ಇದು ಅಗ್ನಿಶಾಮಕದವರಿಗೆ. ಚಾಲಕ ನೆನಪಿಡಬೇಕಾದ್ದು ಯುಎನ್ ಸಂಖ್ಯೆ.

ಎಲ್‌ಪಿಜಿ ಸೋರಿದರೆ ಸುತ್ತ 100 ಮೀಟರ್ ಖಾಲಿ ಮಾಡಿಸಬೇಕು. ಸೋರಿಕೆ ದೊಡ್ಡದಿದ್ದರೆ ಗಾಳಿ ಬೀಸುವ ದಿಕ್ಕಿನಲ್ಲಿ 800 ಮೀಟರ್. ಟ್ಯಾಂಕಿಗೆ ಬೆಂಕಿ ತಾಗಿದರೆ ಎಲ್ಲ ದಿಕ್ಕಿನಲ್ಲೂ 1,600 ಮೀಟರ್. ಪೆಟ್ರೋಲಿಗೆ ಇವೇ ಅಂಕಿಗಳು 50, 300 ಮತ್ತು 800. ಎಲ್‌ಪಿಜಿ ಗಾಳಿಗಿಂತ ಭಾರ. ಖಂಡಾಳ ಘಾಟಿನಲ್ಲಿ ಸೋರಿದ್ದು ಇಳಿಜಾರು ಹಿಡಿದು ಮೋರಿಗಳಲ್ಲಿ ತುಂಬಿ ಕೂರುತ್ತದೆ. ಆದ್ದರಿಂದ ಕೆಳಗಿನ ತಿರುವಿಗಲ್ಲ, ಗಾಳಿ ಬರುವ ಕಡೆಗೆ, ಮೇಲಕ್ಕೆ ನಡೆಯಬೇಕು. ಗಾಡಿ ಮತ್ತೆ ಸ್ಟಾರ್ಟ್ ಮಾಡಬಾರದು, ಹಿಂದೆ ನಿಂತವರಿಗೂ ಮಾಡಗೊಡಬಾರದು. ದೂರ ಸರಿದ ಮೇಲೆಯೇ ಮೊಬೈಲ್ ತೆಗೆದು 112ಕ್ಕೆ ಕರೆ ಮಾಡಿ, ಯುಎನ್ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಹೇಳಿ, ಯಾವ ಕಿಲೋಮೀಟರ್ ಕಲ್ಲು, ಪುಣೆ ಕಡೆಯ ದಾರಿಯೋ ಮುಂಬಯಿ ಕಡೆಯದೋ ಎಂದು ತಿಳಿಸಬೇಕು.

ಪುಸ್ತಕ ಇದ್ದರೂ ಸರಕಿನ ಟ್ರೆಮ್ ಕಾರ್ಡ್ (ಸಾಗಣೆಯ ತುರ್ತು ಸೂಚನೆಗಳ ಕಾರ್ಡ್) ಕ್ಯಾಬಿನ್ನಿನಲ್ಲಿ ಇರಲೇಬೇಕು. ಪ್ರತಿ ಸಲ ಸರಕು ಬದಲಾದಾಗ ಹಳೆಯ ಕಾರ್ಡನ್ನು ತೆಗೆದುಹಾಕಿಸಿ, ಫಲಕದ ಸಂಖ್ಯೆಯೂ ಬದಲಾಗಿದೆಯೇ ಎಂದು ಗೇಟಿನಲ್ಲೇ ನೋಡಿ. ಅಪಘಾತದ ಹೊತ್ತಿನಲ್ಲಿ ಕಾರ್ಡ್ ಒಂದು ಹೇಳಿ ಫಲಕ ಇನ್ನೊಂದು ಹೇಳಿದರೆ ಅಗ್ನಿಶಾಮಕದವರು ತಪ್ಪು ಪುಟ ತೆರೆಯುತ್ತಾರೆ. ಮುಖ್ಯ ಸೂಚನೆಗಳನ್ನು ಕನ್ನಡದಲ್ಲೋ ಹಿಂದಿಯಲ್ಲೋ, ಚಾಲಕ ಓದಬಲ್ಲ ಭಾಷೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿ ಕಾರ್ಡಿನ ಜೊತೆಗೇ ಲ್ಯಾಮಿನೇಟ್ ಮಾಡಿಸಿ ಕೊಡಿ.